ಗೋಲು ಕಾಯುವ ಹುಡುಗ

ಸಂಜೆ ಹೊತ್ತಿನಲ್ಲಿ ನಮ್ಮ ಲಕ್ಷ್ಮೇಶ್ವರದ ಯಾವ ಬಯಲಿನ ಕಡೆ ಹೋದರೂ ಹುಡುಗರು ಎರಡು ತಂಡ ಕಟ್ಟುವುದನ್ನು ನೋಡಬಹುದು. ಇಬ್ಬರು ಮುಂದಾಳುಗಳು ಎದುರುಬದುರು ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಮೊದಲು ಹೋಗುವವನು ಜೋರಾಗಿ ಓಡುವವನು. ಆಮೇಲೆ ಗಟ್ಟಿಯಾಗಿ ಹೊಡೆಯುವವನು. ಆಮೇಲೆ ಚೆಂಡು ತಂದವನು, ಅವನ ತಮ್ಮ. ಎಲ್ಲರೂ ಹಂಚಿಹೋದ ಮೇಲೆ ಮೂಲೆಯಲ್ಲಿ ಒಬ್ಬ ಉಳಿದಿರುತ್ತಾನೆ. ಅವನಿಗೆ, "ಲೇ, ನೀ ಗೋಲಿಗೆ ನಿಂದ್ರು" ಎಂಬ ಅಪ್ಪಣೆಯಾಗುತ್ತದೆ. ಎರಡು ಕಲ್ಲುಗಳ ನಡುವೆಯೋ ಎರಡು ಜೊತೆ ಚಪ್ಪಲಿಗಳ ನಡುವೆಯೋ ಹೋಗಿ ಅವನು ನಿಲ್ಲುತ್ತಾನೆ. ಆಟದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾರಿಗೂ ಬೇಡವಾದ ಹುಡುಗನ ಪಾಲಿಗೆ ಬರುತ್ತದೆ. ಹತ್ತು ಮಂದಿ ತಪ್ಪಿದರೂ ಉಳಿದವರು ಸರಿಮಾಡಬಹುದು. ಇವನು ತಪ್ಪಿದರೆ ಸರಿಮಾಡಲು ಹಿಂದೆ ಯಾರೂ ಇಲ್ಲ. ಈ ಹುಡುಗನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಇದು ನಮ್ಮೂರಿನ ಮಾತು ಮಾತ್ರವಲ್ಲ. ಜಗತ್ತಿನ ದೊಡ್ಡ ದೊಡ್ಡ ಗೋಲ್‌ಕೀಪರುಗಳ ಬಾಲ್ಯ ಕೆದಕಿದರೆ ಹೆಚ್ಚುಕಡಿಮೆ ಇದೇ ಕಥೆ. ರಷ್ಯಾದ ವ್ಲಾದಿಸ್ಲಾವ್ ತ್ರೆತ್ಯಾಕ್ ಐಸ್ ಹಾಕಿಯ ಇತಿಹಾಸದಲ್ಲಿ ಬಹಳ ದೊಡ್ಡ ಹೆಸರು. ಹನ್ನೊಂದರ ವಯಸ್ಸಿನಲ್ಲಿ ಮಾಸ್ಕೋದ ಸೈನ್ಯದ ಕ್ಲಬ್ಬಿನ ಮಕ್ಕಳ ಶಾಲೆಗೆ ಸೇರಿದಾಗ ಅಲ್ಲಿ ಎಲ್ಲರಿಗೂ ಸಾಲುವಷ್ಟು ಸಮವಸ್ತ್ರವಿರಲಿಲ್ಲ. ಗೋಲಿಗೆ ನಿಲ್ಲುವವರೂ ಇರಲಿಲ್ಲ. ನಿಜವಾದ ಹಾಕಿ ಅಂಗಿ ಕೊಟ್ಟರೆ ಗೋಲಿಗೆ ನಿಲ್ಲುತ್ತೇನೆ ಎಂದು ಹುಡುಗ ಮುಂದೆ ಬಂದ. ಒಂದು ಅಂಗಿಯ ಆಸೆಗೆ ನಿಂತವನು ಮುಂದೆ 1972, 1976 ಮತ್ತು 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದ. 1972ರಲ್ಲಿ ಕೆನಡಾದ ಘಟಾನುಘಟಿಗಳ ಎದುರು ಎಂಟು ಪಂದ್ಯಗಳ ಸರಣಿಗೆ ನಿಂತಾಗ ಅವನಿಗೆ ಬರೇ ಇಪ್ಪತ್ತು ವರ್ಷ. ಕೆನಡಾದ ಮನೋನ್ ರಿಯೋಮ್ ಎಂಬಾಕೆಯದೂ ಇಂಥದೇ ಆರಂಭ. ತಂದೆ ಕಲಿಸುತ್ತಿದ್ದ ಹುಡುಗರ ತಂಡಕ್ಕೆ ಗೋಲು ಕಾಯುವವರು ಬೇಕಾಗಿದ್ದರು, ಪುಟ್ಟ ಹುಡುಗಿ ತಾನಿದ್ದೇನೆ ಎಂದಳು. 1992ರಲ್ಲಿ ಆಕೆ ಟ್ಯಾಂಪಾ ಬೇ ತಂಡದ ಪರವಾಗಿ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗಿನ ಪ್ರದರ್ಶನ ಪಂದ್ಯಕ್ಕೆ ಇಳಿದಳು. ಅಲ್ಲಿಯವರೆಗೆ ಯಾವ ಹೆಂಗಸೂ ಆ ಗಂಡಸರ ಲೀಗಿನ ಪಂದ್ಯದಲ್ಲಿ ಆಡಿರಲಿಲ್ಲ. ಯಾರಿಗೂ ಬೇಡವಾದ ಜಾಗವೇ ಕೆಲವರಿಗೆ ಬಾಗಿಲಾಗುತ್ತದೆ. ಆ ಬಾಗಿಲಿನಲ್ಲಿ ನಿಂತವರನ್ನು ನೋಡುವ ನಮ್ಮ ಕಣ್ಣು ಬದಲಾಗಬೇಕು, ಅಷ್ಟೇ.

ಐಸ್ ಹಾಕಿಯ ಮಾತು ಬಂದಿತು. ಲಕ್ಷ್ಮೇಶ್ವರದ ಎರೆಹೊಲಕ್ಕೂ ಐಸಿಗೂ ಎತ್ತಣಿಂದೆತ್ತ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಏಪ್ರಿಲ್-ಮೇ ಬಿಸಿಲಿನಲ್ಲಿ ನಮ್ಮ ನೆಲ ಬಾಯಿಬಿಟ್ಟು ಬಿರಿಯುತ್ತದೆ. ನಮ್ಮ ಮಕ್ಕಳು ಕಂಡ ಐಸು ಐಸ್‌ಕ್ಯಾಂಡಿಯವನ ಡಬ್ಬಿಯಲ್ಲಿರುವುದು, ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿತಾಟಿನ ಕೆಳಗಿರುವುದು. ಆದರೆ ಆಟದ ತಿರುಳು ನೋಡಿದರೆ ಐಸ್ ಹಾಕಿ ನಮಗೆ ಅಷ್ಟು ದೂರದ್ದಲ್ಲ. ಒಂದು ತಂಡಕ್ಕೆ ಆರು ಮಂದಿ, ಅವರಲ್ಲಿ ಒಬ್ಬ ಗೋಲಿ, ಅಂದರೆ ಗೋಲ್‌ಕೀಪರು. ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ಅದರ ತೂಕ ಸುಮಾರು 160ರಿಂದ 170 ಗ್ರಾಂ. ನಮ್ಮ ಹಾಕಿ ಚೆಂಡಿನ ತೂಕವೂ 160 ಗ್ರಾಮಿನ ಆಸುಪಾಸಿನದೇ. ಗೋಲಿನ ಅಳತೆ ಮಾತ್ರ ಬೇರೆ. ಹಾಕಿಯಲ್ಲಿ ಗೋಲಿನ ಅಗಲ 3.66 ಮೀಟರು, ಎತ್ತರ 2.14 ಮೀಟರು. ಐಸ್ ಹಾಕಿಯಲ್ಲಿ ಅಗಲ ಆರಡಿ, ಎತ್ತರ ನಾಲ್ಕೇ ಅಡಿ. ಚಿಕ್ಕ ಗೋಲಾದರೆ ಕಾಯುವುದು ಸುಲಭ ಎನಿಸಬಹುದು. ಆದರೆ ಅಲ್ಲಿ ಬಲವಾಗಿ ಬೀಸಿ ಹೊಡೆದ ಬಿಲ್ಲೆ ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ. ಹೊಡೆದವನು ನಾಲ್ಕು ಮಾರು ದೂರದಲ್ಲಿದ್ದರೆ ಕಣ್ಣಿಗೆ ಬೀಳುವ ಮೊದಲೇ ಅದು ಬಲೆಗೆ ಬಿದ್ದಿರುತ್ತದೆ. ಗೋಲಿ ಕೈ ಎತ್ತುವುದು ಬಿಲ್ಲೆಯನ್ನು ಕಂಡಲ್ಲ. ಹೊಡೆಯುವವನ ಭುಜ, ಸೊಂಟ, ಕೋಲಿನ ಓರೆ ನೋಡಿ, ಅದು ಎಲ್ಲಿಗೆ ಬರಬಹುದೆಂದು ಲೆಕ್ಕ ಹಾಕಿ ಎತ್ತುತ್ತಾನೆ. ಆ ಲೆಕ್ಕ ವರ್ಷಗಟ್ಟಲೆ ನಿಂತು ನಿಂತು ಮೈಗೆ ಹತ್ತಬೇಕು.

ನಮಗೂ ಐಸಿಗೂ ಇನ್ನೊಂದು ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಲಕ್ಷ್ಮೇಶ್ವರದಿಂದ ಗದಗಿಗೆ ಹೋಗುವ ದಾರಿಯಲ್ಲಿ ಮಾಗಡಿ ಕೆರೆ ಸಿಗುತ್ತದೆ. ಶಿರಹಟ್ಟಿ ತಾಲೂಕಿನ ಈ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಚಳಿಗಾಲ ಶುರುವಾದಂತೆ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಬೂದು ಮೈ. ಹಗಲು ಕೆರೆಯಲ್ಲಿ ತೇಲುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಮಂಗೋಲಿಯ, ಟಿಬೆಟ್, ಲಡಾಖದ ಎತ್ತರದ ಕೆರೆಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನೇ ದಾಟಿ ನಮ್ಮ ಕಡೆ ಬರುತ್ತವೆ. ಯಾಕೆ ಬರುತ್ತವೆ? ಅಲ್ಲಿ ನೀರು ಹೆಪ್ಪುಗಟ್ಟುತ್ತದೆ, ಮೇವು ಸಿಗುವುದಿಲ್ಲ. ಹಕ್ಕಿಗಳು ಬಿಟ್ಟುಬರುವ ಅದೇ ಕಾಲಕ್ಕೆ ಲಡಾಖದ ಮಕ್ಕಳು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಇಳಿಯುತ್ತಾರೆ. ಲೇಹ್ ಪಟ್ಟಣದ ಕರ್ಜೂ ಕೆರೆಯ ಮೇಲೆ ಹಾಕಿ ಕೋಲುಗಳ ಸದ್ದು ಕೇಳತೊಡಗುತ್ತದೆ. ಮಾಗಡಿಯ ದಂಡೆಯಲ್ಲಿ ಹೆಬ್ಬಾತು ನೋಡುತ್ತ ನಿಂತಾಗಲೆಲ್ಲ ನನಗೆ ಆ ಮಕ್ಕಳ ನೆನಪಾಗುತ್ತದೆ.

ನಮ್ಮ ದೇಶದ ಐಸ್ ಹಾಕಿ ಬಹುಮಟ್ಟಿಗೆ ಲಡಾಖದ ಆಟ. ಅಲ್ಲಿ ಬೀಡುಬಿಟ್ಟ ಸೈನಿಕರಿಂದ ಊರವರಿಗೆ ಬಂದು ಬೇರುಬಿಟ್ಟಿತು. ಸಮುದ್ರಮಟ್ಟದಿಂದ ಸುಮಾರು 3500 ಮೀಟರು ಎತ್ತರದ ಲೇಹ್‌ನಲ್ಲಿ ತಾನಾಗಿ ಕಟ್ಟುವ ಐಸು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಹೆಚ್ಚೆಂದರೆ ಎರಡು-ಮೂರು ತಿಂಗಳು ಇರುತ್ತದೆ. ಅಷ್ಟರಲ್ಲೇ ವರ್ಷದ ಕಲಿಕೆಯೆಲ್ಲ ಮುಗಿಯಬೇಕು. ಅಂಥ ಕಡೆ ಗೋಲಿಗೆ ನಿಂತವಳು ನೂರ್ ಜಹಾನ್. ಲೇಹ್‌ನ ಹುಡುಗಿ. ಹೆಣ್ಣುಮಕ್ಕಳಿಗೆ ಐಸು ಬಿಟ್ಟುಕೊಡುವುದೇ ದುರ್ಲಭವಾಗಿದ್ದ ಕಾಲ. ಇರುವ ಸಲಕರಣೆ ಗಂಡುಮಕ್ಕಳದ್ದು, ಅದೂ ಎರವಲು. ಭಾರತದ ಮಹಿಳಾ ತಂಡ ಮೊದಲ ಬಾರಿಗೆ ವಿದೇಶಕ್ಕೆ ಹೋಗಿದ್ದು 2016ರಲ್ಲಿ, ತೈಪೆಯಲ್ಲಿ ನಡೆದ ಏಷ್ಯಾ ಚಾಲೆಂಜ್ ಕಪ್‌ಗೆ. ಆ ಸಲ ಒಂದು ಪಂದ್ಯವೂ ಕೈಗೆ ಬರಲಿಲ್ಲ. ಸೋಲುವ ತಂಡದ ಗೋಲಿಯ ಪಾಡು ಊಹಿಸಿಕೊಳ್ಳಿ. ಮುಂದಿನವರು ಒಂದು ಗೋಲು ಹೊಡೆಯುವಷ್ಟರಲ್ಲಿ ಇವಳ ಕಡೆ ಬಿಲ್ಲೆಗಳ ಮಳೆ. ಮರುವರ್ಷ ಬ್ಯಾಂಕಾಕಿನಲ್ಲಿ ಇದೇ ಹುಡುಗಿಯರು ಫಿಲಿಪೀನ್ಸನ್ನು 4-3ರಿಂದ ಸೋಲಿಸಿ ದೇಶಕ್ಕೆ ಮೊದಲ ಗೆಲುವು ತಂದರು. 2025ರ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳೆಯರು ಕಂಚಿನ ಪದಕವನ್ನೇ ಗೆದ್ದುಬಂದರು. ಆ ಪದಕದ ಬುನಾದಿಯಲ್ಲಿ 2016ರಲ್ಲಿ ಸೋತು ಬಂದವರ ಮೈಮೇಲಿನ ಬಾಸುಂಡೆಗಳೂ ಇವೆ.

ನೂರ್ ಜಹಾನ್ ಅವರ ಇನ್ನೊಂದು ಕಸುಬು ನನಗೆ ಬಹಳ ಹಿಡಿಸುತ್ತದೆ. ಅವರು ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ ಮಾಡುತ್ತಾರೆ. ಲಡಾಖದ ಬೌದ್ಧ ಮಠಗಳ ಗೋಡೆಯ ಮೇಲೆ, ಬಟ್ಟೆಯ ಮೇಲೆ ಶತಮಾನಗಳ ಹಿಂದೆ ಬರೆದ ಚಿತ್ರಗಳ ಮೇಲಿನ ಹೊಗೆ, ಧೂಳು ತೆಗೆದು ಬಣ್ಣ ಉದುರದಂತೆ ಕಾಯುವ ಕೆಲಸ. ನಮ್ಮ ಸೋಮೇಶ್ವರ ದೇವಸ್ಥಾನ ಜೀರ್ಣೋದ್ಧಾರವಾದಾಗ ಊರಿನವರು ಇಂಥ ಕೆಲಸವನ್ನು ಕಣ್ಣಾರೆ ಕಂಡಿದ್ದಾರೆ. ಇನ್ಫೋಸಿಸ್ ಪ್ರತಿಷ್ಠಾನ ಕೈಹಾಕಿದ ಆ ಕೆಲಸದಲ್ಲಿ ಒಂದೊಂದು ಕಲ್ಲನ್ನೂ ಅವಸರವಿಲ್ಲದೆ ಅದರ ಜಾಗಕ್ಕೆ ತರಬೇಕಾಗಿತ್ತು. ಹಳೆಯದನ್ನು ಉಳಿಸುವವರಿಗೆ ಬೇಕಾದ ತಾಳ್ಮೆಯೇ ಗೋಲಿಗೂ ಬೇಕು. ಇಬ್ಬರದೂ ಏನನ್ನೋ ಹೊಸದಾಗಿ ಗಳಿಸುವ ಕೆಲಸವಲ್ಲ, ಇರುವುದು ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವ ಕೆಲಸ.

ಈಗ ದಾರಿಯ ಮಾತು. ಸಣ್ಣ ಊರಿನಲ್ಲಿ ಹುಟ್ಟಿದ ಆಟಗಾರನ ಆರಂಭದ ವರ್ಷಗಳೆಂದರೆ ಅರ್ಧ ಆಟ, ಅರ್ಧ ಪ್ರಯಾಣ. ಕೆನಡಾದ ಕೇರಿ ಪ್ರೈಸ್ ಬೆಳೆದದ್ದು ಬ್ರಿಟಿಷ್ ಕೊಲಂಬಿಯಾದ ಅನಾಹಿಮ್ ಲೇಕ್ ಎಂಬ ಹಳ್ಳಿಯಲ್ಲಿ. ತಾಯಿ ಅಲ್ಲಿನ ಮೂಲನಿವಾಸಿ ಸಮುದಾಯದವರು, ಮುಂದೆ ಅದರ ಮುಖ್ಯಸ್ಥೆಯಾದವರು. ತಂದೆ ಜೆರ್ರಿ ತಾವೇ ಗೋಲಿಯಾಗಿದ್ದವರು, ಎನ್‌ಎಚ್‌ಎಲ್‌ವರೆಗೆ ತಲುಪಲಾಗದೆ ಉಳಿದವರು. ಮನೆಯ ಹತ್ತಿರದ ಹೆಪ್ಪುಗಟ್ಟಿದ ಹಳ್ಳದ ಮೇಲೆ ಮಗನಿಗೆ ಕಲಿಸಿದರು. ತಂಡ ಇದ್ದದ್ದು ವಿಲಿಯಮ್ಸ್ ಲೇಕ್ ಪಟ್ಟಣದಲ್ಲಿ, 300 ಕಿಲೋಮೀಟರಿಗೂ ಹೆಚ್ಚು ದೂರ. ವಾರದಲ್ಲಿ ಹಲವು ಸಲ ಕಾರಿನಲ್ಲಿ ಹೋಗಿಬರುವುದು ಮುಗಿಯದ ಕೆಲಸವಾದಾಗ ತಂದೆ ಹಳೆಯ ಸಣ್ಣ ವಿಮಾನವೊಂದನ್ನು ಕೊಂಡು, ತಾವೇ ಹಾರಿಸಿಕೊಂಡು ಮಗನನ್ನು ಅಭ್ಯಾಸಕ್ಕೆ ಕರೆದೊಯ್ದರು. 2005ರಲ್ಲಿ ಮಾಂಟ್ರಿಯಲ್ ತಂಡ ಲೀಗಿನ ಹೊಸ ಆಟಗಾರರ ಆಯ್ಕೆಯಲ್ಲಿ ಆ ಹುಡುಗನನ್ನು ಐದನೆಯವನಾಗಿ ತೆಗೆದುಕೊಂಡಿತು. 2015ರಲ್ಲಿ ಲೀಗಿನ ಶ್ರೇಷ್ಠ ಗೋಲಿ ಎಂಬ ಪ್ರಶಸ್ತಿಯೂ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿಯೂ ಅವನ ಪಾಲಾದವು.

ವಿಮಾನ ಕೊಳ್ಳುವುದು ನಮ್ಮ ಕಡೆಯ ಮಾತಲ್ಲ ನಿಜ. ಆದರೆ ದೂರದ ಮಾತು ನಮ್ಮದೇ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಎದ್ದು ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಆ ಎಡಗೈ ಸ್ಪಿನ್ನರ್ 1996ರಲ್ಲಿ ಭಾರತ ತಂಡಕ್ಕೆ ಆಡಿದರು. ಹರಿಯಾಣದ ಸವಿತಾ ಪೂನಿಯಾ ಗೋಲ್‌ಕೀಪರು. ಜೋಧಕಾಂ ಎಂಬ ಹಳ್ಳಿಯವರು. ಅಜ್ಜನ ಒತ್ತಾಸೆಯಿಂದ ಹಾಕಿ ಹಿಡಿದರು, ಅಭ್ಯಾಸಕ್ಕೆಂದು ಸಿರ್ಸಾಕ್ಕೆ ಬಸ್ಸಿನಲ್ಲಿ ಓಡಾಡಿದರು. ಬೇರೆಯವರು ಒಂದು ಕೋಲು ಹಿಡಿದು ಬಸ್ಸು ಹತ್ತಬಹುದು. ಗೋಲಿಯ ಕಿಟ್ ಎಂದರೆ ಗೋಣಿಚೀಲಕ್ಕಿಂತ ದೊಡ್ಡದು. ತುಂಬಿದ ಬಸ್ಸಿನಲ್ಲಿ ಅದನ್ನಿಟ್ಟುಕೊಂಡು ನಿಂತ ಹುಡುಗಿಗೆ ಕಂಡಕ್ಟರನ ಮಾತು, ಪ್ರಯಾಣಿಕರ ಗೊಣಗಾಟ ಎಲ್ಲವೂ ಇದ್ದದ್ದೇ. ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯ ಎಷ್ಟು ಬಡಿದರೂ ಒಂದೂ ಗೋಲು ಬಿಡದೆ 1-0ರಿಂದ ಭಾರತವನ್ನು ದಾಟಿಸಿದ್ದು ಇದೇ ಹುಡುಗಿ. ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಬಸ್ಸಿನಲ್ಲಿ ದೊಡ್ಡ ಚೀಲ ಹೊತ್ತು ಹೊರಟ ಹುಡುಗಿಯನ್ನು ಕಂಡರೆ, ದಯವಿಟ್ಟು ಸರಿದು ಜಾಗ ಕೊಡಿ.

ಕಿಟ್ಟಿನ ಮಾತೆತ್ತಿದ ಮೇಲೆ ಭಾರತದ ಹಾಕಿ ಗೋಲಿ ಶ್ರೀಜೇಶರನ್ನು ಬಿಡುವಂತಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ ಊರಿನ ಒಕ್ಕಲುಮನೆಯ ಹುಡುಗ. ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆಗೆ ಸೇರಿದ್ದು ಓಟಗಾರನಾಗಲು. ಅಲ್ಲಿ ಉದ್ದ ಜಿಗಿದ, ವಾಲಿಬಾಲ್ ಆಡಿದ. ತರಬೇತುದಾರರು ಗೋಲಿಗೆ ನಿಲ್ಲು ಎಂದರು. ನಿಲ್ಲಲು ಪ್ಯಾಡು ಬೇಕು, ಕೈಗವಸು ಬೇಕು, ಎದೆಗವಚ ಬೇಕು, ಹೆಲ್ಮೆಟ್ ಬೇಕು. ಮುಂದೆ ಆಡುವ ಹುಡುಗನಿಗೆ ಒಂದು ಕೋಲು, ಒಂದು ಜೊತೆ ಬೂಟು ಸಾಕು. ಗೋಲಿಗೆ ಅಷ್ಟಕ್ಕೆ ಮುಗಿಯುವುದಿಲ್ಲ. ತಂದೆ ಮನೆಯ ಆಕಳು ಮಾರಿ ಕಿಟ್ಟಿಗೆ ಹಣ ಹೊಂದಿಸಿದರು. ಹೈನದ ಆಕಳು ಮಾರುವುದೆಂದರೆ ಏನೆಂದು ನಮ್ಮ ಭಾಗದ ರೈತರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ದಿನದ ಹಾಲು, ಡೇರಿಯ ಹಣ, ಮನೆಯ ಕೂಸಿನಂತೆ ಬೆಳೆದ ಜೀವ, ಎಲ್ಲವೂ ಒಟ್ಟಿಗೆ ಹೋಗುತ್ತವೆ. ಅಷ್ಟನ್ನು ಕೊಟ್ಟು ತಂದೆ ಕೊಂಡದ್ದು ಮಗನ ಮೈಗೆ ಪೆಟ್ಟು ಬೀಳದಂಥ ಒಂದಷ್ಟು ಸ್ಪಂಜು, ಪ್ಲಾಸ್ಟಿಕ್ಕು. ಆ ಮಗ ಟೋಕಿಯೊದಲ್ಲೂ 2024ರ ಪ್ಯಾರಿಸ್‌ನಲ್ಲೂ ದೇಶಕ್ಕೆ ಕಂಚು ಉಳಿಸಿಕೊಟ್ಟ. ಟೋಕಿಯೊದಲ್ಲಿ ಜರ್ಮನಿಯ ಎದುರು 5-4ರಲ್ಲಿದ್ದಾಗ ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರ್ ತಡೆದನಲ್ಲ, ಅದನ್ನು ದೇಶವೇ ಎದ್ದು ನಿಂತು ನೋಡಿತು.

ಈ ಕವಚಗಳೆಲ್ಲ ಇತ್ತೀಚಿನವು. ಹಿಂದಿನವರು ಹೆಚ್ಚುಕಡಿಮೆ ಬರಿಮುಖದಲ್ಲಿ ನಿಂತವರು. ಐಸ್ ಹಾಕಿಯಲ್ಲಿ ಆ ಪದ್ಧತಿ ಮುರಿದವನು ಮಾಂಟ್ರಿಯಲ್ಲಿನ ಜಾಕ್ ಪ್ಲಾಂಟ್. ಹನ್ನೊಂದು ಮಕ್ಕಳ ಮನೆಯ ಹಿರಿಯ ಮಗ. ಚಿಕ್ಕಂದಿನಲ್ಲಿ ಉಬ್ಬಸವಿತ್ತು, ಹೆಚ್ಚು ಹೊತ್ತು ಓಡಾಡಿ ಆಡಲಾಗದೆ ಗೋಲಿಗೆ ನಿಂತ. ತಾಯಿಯಿಂದ ಹೆಣಿಗೆ ಕಲಿತು ತನ್ನ ಟೊಪ್ಪಿಗೆ ತಾನೇ ಹೆಣೆದುಕೊಳ್ಳುತ್ತಿದ್ದ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಬಿಲ್ಲೆ ಮುಖಕ್ಕೆ ಬಡಿದು ರಕ್ತ ಸುರಿಯಿತು. ಹೊಲಿಗೆ ಹಾಕಿಸಿಕೊಂಡು ಮರಳಿದ ಪ್ಲಾಂಟ್, ಮುಖವಾಡವಿಲ್ಲದೆ ಇನ್ನು ಇಳಿಯುವುದಿಲ್ಲ ಎಂದ. ಮುಖವಾಡ ಹಾಕಿದರೆ ಹೆದರಿದ್ದಾನೆಂದು ಜನ ಅಂದುಕೊಳ್ಳುತ್ತಾರೆಂಬುದು ಆ ಕಾಲದ ನಂಬಿಕೆ, ತರಬೇತುದಾರರಿಗೂ ಅದು ಒಗ್ಗದ ಮಾತು. ಆದರೆ ಬೇರೆ ಗೋಲಿ ಇರಲಿಲ್ಲ. ಅವನು ಮುಖವಾಡ ಹಾಕಿಯೇ ಆಡಿದ, ತಂಡ ಗೆಲ್ಲುತ್ತಲೇ ಹೋಯಿತು, ಎನ್‌ಎಚ್‌ಎಲ್ ಗೆದ್ದವರಿಗೆ ಸಿಗುವ ಆ ಋತುವಿನ ಸ್ಟ್ಯಾನ್ಲಿ ಕಪ್ಪೂ ಅವರದೇ ಆಯಿತು. ಇಂದು ಮುಖವಾಡವಿಲ್ಲದ ಗೋಲಿಯನ್ನು ಎಲ್ಲೂ ಕಾಣುವಂತಿಲ್ಲ. ಮೈ ಕಾಪಾಡಿಕೊಳ್ಳುವುದು ಹೇಡಿತನವಲ್ಲ ಎಂದು ಒಬ್ಬನಾದರೂ ಮೊದಲು ನಿಂತು ತೋರಿಸಬೇಕಾಗಿತ್ತು.

ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದ ಮ್ಯಾನುಯೆಲ್ ಫ್ರೆಡರಿಕ್ ಕೂಡ ಹೆಲ್ಮೆಟ್ಟಿಲ್ಲದ ಕಾಲದವರು. ಹುಟ್ಟಿದ್ದು ಕಣ್ಣೂರಿನಲ್ಲಿ, 1947ರಲ್ಲಿ. ಮೊದಲು ಆಡಿದ್ದು ಫುಟ್‌ಬಾಲು. ಸೈನ್ಯಕ್ಕೆ ಸೇರಿ ಬೆಂಗಳೂರಿನಲ್ಲಿ ಹಾಕಿ ಪಳಗಿಸಿಕೊಂಡರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನೆದರ್‌ಲ್ಯಾಂಡ್ಸ್ ಮೇಲೆ 2-1ರಿಂದ ಗೆದ್ದು ಕಂಚು ತಂದ ತಂಡದ ಗೋಲಿ ಅವರು. ಒಲಿಂಪಿಕ್ ಪದಕ ಪಡೆದ ಮೊದಲ ಮಲಯಾಳಿ. ಸರ್ಕಾರದ ಧ್ಯಾನ್‌ಚಂದ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದದ್ದು 2019ರಲ್ಲಿ, ಅಂದರೆ ಪದಕ ಬಂದು 47 ವರ್ಷಗಳಾದ ಮೇಲೆ. 2025ರ ಅಕ್ಟೋಬರಿನಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಗೋಲು ಹೊಡೆದವರ ಹೆಸರು ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ. ಗೋಲು ತಡೆದವರ ಹೆಸರು ಬರಲು ಅರ್ಧ ಶತಮಾನ ಬೇಕೇ?

ನಮ್ಮ ಕಡೆ ಜೋಳ ಹಾಲುಗಾಳು ಕಟ್ಟಿದಾಗ ಹೊಲದ ನಡುವೆ ಅಟ್ಟಣಿಗೆ ಹಾಕಿ, ಕವಣಿ ಕೊಟ್ಟು ಹಕ್ಕಿ ಕಾಯಲು ಹುಡುಗನನ್ನು ಕೂರಿಸುವುದುಂಟು. ಬೆಳಗಿನಿಂದ ಸಂಜೆವರೆಗೆ ಅವನು ಕೂಗುತ್ತ, ಬೀಸುತ್ತ ಇರುತ್ತಾನೆ. ರಾಶಿ ಮಾಡುವ ದಿನ ಬಿತ್ತಿದವನ ಹೆಸರು, ಎಡೆಹೊಡೆದವನ ಹೆಸರು, ಕೊಯ್ದವರ ಹೆಸರು ಬರುತ್ತದೆ. ಹಕ್ಕಿಯ ಬಾಯಿಂದ ಉಳಿದ ಕಾಳು ಎಷ್ಟೆಂದು ಯಾರೂ ಅಳೆಯುವುದಿಲ್ಲ. ಆದರೆ ಒಂದು ಮೂಲೆಯಲ್ಲಿ ತೆನೆ ಬರಿದಾಗಿದ್ದರೆ, "ಏನ್ ಕಾಯ್ದಿಯಪಾ ನೀ?" ಎಂದು ಎಲ್ಲರೂ ಕೇಳುತ್ತಾರೆ. ಗೋಲಿಯ ಬದುಕೂ ಅದೇ. ತಡೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಟ್ಟದ್ದು ಬೋರ್ಡಿನ ಮೇಲೆ ಬರುತ್ತದೆ.

ಆದ್ದರಿಂದಲೇ ಎಳೆಯ ಗೋಲಿಗೆ ಬೇಕಾದ ಮೊದಲನೆಯದು ಕಾಲಾವಕಾಶ. ಮುಂದೆ ಆಡುವ ಹುಡುಗ ಹದಿನೆಂಟಕ್ಕೇ ಮಿಂಚಬಹುದು. ಗೋಲಿ ಮಾಗುವುದು ತಡ. ಝೆಕ್ ದೇಶದ ಡೊಮಿನಿಕ್ ಹಾಷೆಕನನ್ನು ಶಿಕಾಗೋ ತಂಡ 1983ರಲ್ಲೇ ಆಯ್ದುಕೊಂಡಿತ್ತು. ಅವನು ಅಮೆರಿಕಕ್ಕೆ ಬಂದದ್ದು 1990ರಲ್ಲಿ. ಅಲ್ಲೂ ಬೇರೊಬ್ಬನ ಹಿಂದೆ ಕೂತು, ಬಫಲೋ ತಂಡಕ್ಕೆ ಹೋಗಿ ಮೊದಲ ಗೋಲಿಯಾದಾಗ ವಯಸ್ಸು ಮೂವತ್ತರ ಹೊಸ್ತಿಲಿನಲ್ಲಿತ್ತು. ಆಮೇಲೆ ಆರು ಸಲ ಶ್ರೇಷ್ಠ ಗೋಲಿ ಎನಿಸಿಕೊಂಡ, 1998ರಲ್ಲಿ ನಾಗಾನೋ ಒಲಿಂಪಿಕ್ಸ್‌ನ ಚಿನ್ನವನ್ನು ತನ್ನ ದೇಶಕ್ಕೆ ತಂದ. ಶ್ರೀಜೇಶರೂ 2006ರಲ್ಲಿ ಹಿರಿಯರ ತಂಡಕ್ಕೆ ಬಂದು ವರ್ಷಗಟ್ಟಲೆ ಏಡ್ರಿಯನ್ ಡಿಸೋಜ, ಭರತ್ ಛೇತ್ರಿ ಅವರ ಹಿಂದೆ ಕಾದವರು. ಹತ್ತು ಮಂದಿ ಆಡುವ ಜಾಗಗಳಲ್ಲಿ ಎಲ್ಲೋ ಒಂದು ಕಡೆ ಹೊಸಬನನ್ನು ತೂರಿಸಬಹುದು. ಗೋಲಿಗೆ ಇರುವುದು ಒಂದೇ ಜಾಗ. ಅಲ್ಲಿ ಹಿರಿಯನೊಬ್ಬ ನಿಂತಿದ್ದರೆ ಕಿರಿಯನು ಬೆಂಚಿನ ಮೇಲೆ ಕೂತು ನೋಡಬೇಕು. ಸುಮ್ಮನೆ ಕೂತಂತೆ ಕಾಣುವ ಆ ವರ್ಷಗಳಲ್ಲೇ ಅವನು ಹೊಡೆಯುವವರ ಭುಜ ಓದುವುದನ್ನು ಕಲಿಯುತ್ತಾನೆ.

ಇದಕ್ಕೆ ವಿರುದ್ಧವಾದ ಕಥೆಯೂ ಒಂದಿದೆ. ಕೆನ್ ಡ್ರೈಡನ್ ಮಾಂಟ್ರಿಯಲ್ಲಿನಲ್ಲಿ ಕಾನೂನು ಓದುತ್ತಿದ್ದ ಹುಡುಗ. 1971ರ ವಸಂತದಲ್ಲಿ ಅಲ್ಲಿನ ಎನ್‌ಎಚ್‌ಎಲ್ ತಂಡದಿಂದ ಕರೆಬಂತು. ಆರೇ ಲೀಗ್ ಪಂದ್ಯ ಆಡಿದ್ದವನನ್ನು ನಾಕೌಟ್ ಹಂತಕ್ಕೆ ನಿಲ್ಲಿಸಿದರು. ಹಿಂದಿನ ವರ್ಷದ ಚಾಂಪಿಯನ್ ಬಾಸ್ಟನ್ ತಂಡ ಅವನೆದುರು ಸೋತಿತು, ಕಪ್ ಮಾಂಟ್ರಿಯಲ್ಲಿಗೆ ಬಂತು, ಆ ಹಂತದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಡ್ರೈಡನ್ನನಿಗೆ ಬಂತು. ವರ್ಷದ ಶ್ರೇಷ್ಠ ಹೊಸಬ ಎಂಬ ಪ್ರಶಸ್ತಿ ಬಂದದ್ದು ಅದರ ಮರುವರ್ಷ! ದಿಢೀರನೆ ಬಂದಂತೆ ಕಾಣುತ್ತದೆ. ಆದರೆ ಅದರ ಹಿಂದೆ ತಂದೆ ಹಿತ್ತಲಿನಲ್ಲಿ ಮಾಡಿಸಿಕೊಟ್ಟ ಗಟ್ಟಿನೆಲವಿತ್ತು, ಅಲ್ಲಿ ಅಣ್ಣ ಡೇವ್ ಜೊತೆ ಆಡಿದ ಬಾಲ್ಯವಿತ್ತು, ಕಾಲೇಜು ತಂಡದ ವರ್ಷಗಳಿದ್ದವು. ಡೇವ್ ಕೂಡ ಗೋಲಿಯೇ ಆದ. 1971ರ ಮಾರ್ಚಿನಲ್ಲಿ ಅಣ್ಣತಮ್ಮಂದಿರು ಎದುರುಬದುರು ಗೋಲುಗಳಲ್ಲಿ ನಿಂತು ಒಂದೇ ಪಂದ್ಯ ಆಡಿದ್ದೂ ಉಂಟು. ಮಕ್ಕಳಿಗೆ ಆಡಲು ಸಮನಾದ ನೆಲವೊಂದನ್ನು ಮಾಡಿಕೊಟ್ಟ ಆ ತಂದೆಗೆ ನಾನು ಕೈಮುಗಿಯುತ್ತೇನೆ.

ಕರ್ನಾಟಕ ಹಾಕಿಯ ನಾಡು, ಗೋಲಿಗಳ ನಾಡೂ ಹೌದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಕೊಡಗಿನ ಎ.ಬಿ. ಸುಬ್ಬಯ್ಯ, ಬೆಂಗಳೂರಿನ ಆಶಿಶ್ ಬಲ್ಲಾಳ ಇಬ್ಬರೂ ಗೋಲಿಗಳಾಗಿದ್ದರು. ದೇಶದ ಇಬ್ಬರೂ ಗೋಲಿಗಳು ಒಂದೇ ರಾಜ್ಯದವರು! ಆರು ವರ್ಷಗಳ ನಂತರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಎದುರು ಪಂದ್ಯ ಸಮವಾಗಿ ಟೈಬ್ರೇಕರಿಗೆ ಹೋಯಿತು. ಬಲ್ಲಾಳ ಎರಡು ಹೊಡೆತ ತಡೆದರು, ಭಾರತಕ್ಕೆ ಚಿನ್ನ ಬಂತು. ಅದಕ್ಕೆ ಮೊದಲು ಭಾರತ ಏಷ್ಯನ್ ಕೂಟದ ಹಾಕಿ ಚಿನ್ನ ಗೆದ್ದದ್ದು 32 ವರ್ಷಗಳ ಹಿಂದೆ, 1966ರಲ್ಲಿ, ಅದೂ ಬ್ಯಾಂಕಾಕಿನಲ್ಲೇ. ಆಗಿನ ನಾಯಕ ಶಂಕರ್ ಲಕ್ಷ್ಮಣ್, ಅವರೂ ಗೋಲಿ. 1956, 1960, 1964ರ ಮೂರು ಒಲಿಂಪಿಕ್ ಫೈನಲ್‌ಗಳಲ್ಲಿ ಪಾಕಿಸ್ತಾನದ ಎದುರು ನಿಂತು ಒಟ್ಟು ಒಂದೇ ಗೋಲು ಬಿಟ್ಟುಕೊಟ್ಟವರು ಅವರು.

ಗದಗ-ಬೆಟಗೇರಿಯಲ್ಲೂ ಹುಬ್ಬಳ್ಳಿಯಲ್ಲೂ ಹಾಕಿ ಕೋಲು ಹಿಡಿದು ಬೆಳೆದ ಓಣಿಗಳಿವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಗಳಲ್ಲಿ ಕಬಡ್ಡಿ, ಖೋಖೋ ಚೆನ್ನಾಗಿ ಬೇರುಬಿಟ್ಟಿವೆ. ಒಂದು ಹುಡುಗಿಯೋ ಹುಡುಗನೋ ಗೋಲಿಗೆ ನಿಂತು ಮೇಲೇರಲು ಐಸೇ ಬೇಕೆಂದಿಲ್ಲ, ಹಸಿರು ಟರ್ಫೇ ಬೇಕೆಂದೂ ಇಲ್ಲ. ಮೊದಲಿಗೆ ಬೇಕಾದದ್ದು ಒಂದು ಸಮನಾದ ನೆಲ, ಒಂದು ಗಟ್ಟಿ ಪ್ಯಾಡು, ಗೋಲು ಬಿಟ್ಟ ಮೇಲೆ ಬೆನ್ನು ತಟ್ಟಿ, "ಹೋಗ್ಲಿ ಬಿಡಪಾ, ಮುಂದಿಂದು ಹಿಡಿ" ಎನ್ನುವ ಒಬ್ಬ ಹಿರಿಯ. ಮೂರನೆಯದಕ್ಕೆ ದುಡ್ಡು ಬೇಡ, ಆದರೂ ಅದೇ ಬಹಳ ಕಡೆ ಸಿಗುವುದಿಲ್ಲ. ಆಟ ಬಿಟ್ಟುಹೋದ ಗೋಲಿಗಳಲ್ಲಿ ಹೆಚ್ಚಿನವರು ಚೆಂಡಿಗೆ ಹೆದರಿ ಹೋದವರಲ್ಲ, ಬೈಗುಳಕ್ಕೆ ಬೇಸತ್ತು ಹೋದವರು ಎಂದೇ ನನ್ನ ನಂಬಿಕೆ.

ಶಾಲೆಯ ದೈಹಿಕ ಶಿಕ್ಷಕರಲ್ಲಿ, ಊರಿನ ಯುವಕ ಮಂಡಳಗಳಲ್ಲಿ, ಮಕ್ಕಳ ಆಟಕ್ಕೆ ದೇಣಿಗೆ ಕೊಡುವ ಅಂಗಡಿಕಾರರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಆಟದ ಸಾಮಾನು ಕೊಳ್ಳುವಾಗ ಪಟ್ಟಿಯ ತುದಿಗೆ ಗೋಲಿಯ ಕಿಟ್ ಬರೆಯಬೇಡಿ, ಮೊದಲ ಸಾಲಿನಲ್ಲಿ ಬರೆಯಿರಿ. ಹೆಲ್ಮೆಟ್ಟು, ಎದೆಗವಚ, ಪ್ಯಾಡು ತಂದಾದ ಮೇಲೆ ಉಳಿದ ಹಣದಲ್ಲಿ ಕೋಲು, ಚೆಂಡು ತನ್ನಿ. ತಂಡ ಆರಿಸುವಾಗ ಗೋಲಿಯ ಹೆಸರನ್ನು ಎಲ್ಲರಿಗಿಂತ ಮೊದಲು ಕೂಗಿ. ಅವನು ಗೋಲು ಬಿಟ್ಟಾಗ ಬೈಯದೆ ಸ್ವಲ್ಪ ಕಾಯಿರಿ. ಗೋಲಿ ತಯಾರಾಗಲು ಹತ್ತು ವರ್ಷ ಹಿಡಿಯಬಹುದು, ಆದರೆ ಒಮ್ಮೆ ತಯಾರಾದವನು ಊರಿನ ಹೆಸರನ್ನೂ ದೇಶದ ಹೆಸರನ್ನೂ ಬಹಳ ಕಾಲ ಕಾಯುತ್ತಾನೆ.